ಗೋಡೆಯಾಚೆಯ ನಿದ್ದೆ

ನೈರೋಬಿಯಲ್ಲಿ ಜುಲೈ ಎಂದರೆ ಚಳಿಗಾಲ ಎಂಬುದು ನನಗೆ ಮರೆತೇಹೋಗಿತ್ತು. ಕಳೆದ ವರ್ಷ ಹಳೆಯ ಸ್ನೇಹಿತರ ಮಗಳ ಮದುವೆಗೆ ಹೋದವಳು ಒಂದು ಸ್ವೆಟರನ್ನೂ ಒಯ್ದಿರಲಿಲ್ಲ. ಮದುವೆಯ ಮಾರನೆಯ ದಿನ, ಬೇಡ ಬೇಡ ಎಂದುಕೊಂಡೇ ನಾವು ಹಿಂದೆ ಇದ್ದ ನ್ಗಾರಾ ಬಡಾವಣೆಗೆ ಹೋದೆ. ಬೂದು ಬಣ್ಣದ ಆಕಾಶ ಮಹಡಿಗಳ ನೆತ್ತಿಯವರೆಗೂ ಇಳಿದಿತ್ತು. ಮಳೆ ಎನ್ನಲಾಗದ ಒಂದು ತುಂತುರು. ರಸ್ತೆಯ ಅಂಚಿನಲ್ಲಿ ಹೆಂಗಸೊಬ್ಬಳು ಇದ್ದಿಲ ಒಲೆಯ ಮೇಲೆ ಮುಸುಕಿನ ಜೋಳ ಸುಡುತ್ತಿದ್ದಳು. ಆ ಹೊಗೆ, ಸುಟ್ಟ ಜೋಳಕ್ಕೆ ಉಜ್ಜಿದ ನಿಂಬೆಹಣ್ಣು ಮತ್ತು ಖಾರದಪುಡಿ, ಅದರ ಕೆಳಗೆ ಒದ್ದೆ ಮಣ್ಣು, ಎಲ್ಲ ಸೇರಿದ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಕಾಲು ಅಲ್ಲೇ ನಿಂತಿತು. ಎದುರಿಗೆ ನಾವು ಬಾಡಿಗೆಗಿದ್ದ ಕಟ್ಟಡ. ಕೆಳಗೆ ಗುಜರಾತಿಯವರ ಬಟ್ಟೆಯಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿಯ ಸಣ್ಣ ಸಣ್ಣ ಅಂಗಡಿಗಳು. ಮೇಲಿನ ಎರಡು ಕಿಟಕಿ ಮಾತ್ರ ಹಾಗೆಯೇ ಇದ್ದವು. ಎಡಗಡೆಯದು ನಮ್ಮದಾಗಿತ್ತು. ಬಲಗಡೆಯದು ಲಿಗೋರಿಯವರದು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನವರು ಅಲ್ಲಿಯ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕರು. ನಾನು ಅಪ್ಪರ್ ಹಿಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್ನಿಗೆ ಮೊದಲು ರೋಗಿಯ ಪ್ರಜ್ಞೆ ತಪ್ಪಿಸುವುದು, ಅದು ಮುಗಿಯುವವರೆಗೆ ಅವರ ಉಸಿರನ್ನು ಕಾಯುವುದು, ಆಮೇಲೆ ಎಬ್ಬಿಸುವುದು ನನ್ನ ಕೆಲಸ. ನಮ್ಮವರ ನಡುವೆ ನನ್ನನ್ನು 'ನಿದ್ದೆ ಡಾಕ್ಟರ್' ಎಂದೇ ಕರೆಯುತ್ತಿದ್ದರು. ನಾನೂ ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ರೋಗಿಗಳಿಗೂ ನಾನು ಹೇಳುತ್ತಿದ್ದುದು ಅದನ್ನೇ: ಇನ್ನೇನು ನಿದ್ದೆ ಬರುತ್ತೆ, ಎದ್ದಾಗ ಎಲ್ಲ ಮುಗಿದಿರುತ್ತೆ. ಮೈಸೂರಿನಲ್ಲಿ ಓದುವಾಗ ನಮ್ಮ ಮೇಷ್ಟ್ರು ಕಲಿಸಿದ ಮಾತು ಅದು. ಅದರಿಂದ ಯಾರಿಗೂ ಕೆಟ್ಟದ್ದಾಗಿದ್ದನ್ನು ನಾನು ಕಂಡಿರಲಿಲ್ಲ.

ಲಿಗೋರಿ ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ನ್ಗಾರಾದಲ್ಲೇ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಫೋರ್‌ಮನ್. ದೊಡ್ಡ ಮೈಕಟ್ಟು, ದೊಡ್ಡ ನಗು, ನಲವತ್ತು ದಾಟಿದ ವಯಸ್ಸು. ಹೆಂಡತಿ ಸೆವ್ರಿನ್ ಬಾಯಿ ರಿವರ್‌ಸೈಡಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಒಬ್ಬಳೇ ಮಗಳು ವಿನ್ನಿ, ಆಗಿನ್ನೂ ಎಂಟರ ಹುಡುಗಿ. ಅವರ ಮನೆಯೊಳಗೆ ಕೊಂಕಣಿ, ನಮ್ಮ ಜೊತೆ ಮಂಗಳೂರಿನ ಕನ್ನಡ. ವಿನ್ನಿಗೆ ಎರಡೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಗೆಲಸಕ್ಕೆ ಬರುತ್ತಿದ್ದ ವಾಂಜಿರು ಎಂಬ ಹೆಂಗಸಿನ ಜೊತೆ ಮಾತ್ರ ಸ್ವಾಹಿಲಿ. ವಾಂಜಿರು ರಾತ್ರಿ ಮನೆಗೆ ಹೊರಡುವ ಮೊದಲು ವಿನ್ನಿಯ ಕೋಣೆಗೆ ಇಣುಕಿ, 'ಲಾಲಾ ಸಲಾಮಾ' ಎನ್ನುತ್ತಿದ್ದಳು. ನೆಮ್ಮದಿಯಾಗಿ ಮಲಗು ಎಂದು ಅರ್ಥ. ಮೊದಲ ಸಲ ಅದನ್ನು ಕೇಳಿದಾಗ ನನಗೆ ನಮ್ಮ ಲಾಲಿಯೇ ಕಡಲು ದಾಟಿ ಇಲ್ಲಿಗೆ ಬಂದಿದೆ ಅನ್ನಿಸಿತ್ತು.

ಎರಡೂ ಮನೆಯ ಮಲಗುವ ಕೋಣೆಗಳ ನಡುವೆ ಒಂದೇ ತೆಳು ಗೋಡೆ. ಲಿಗೋರಿಯವರ ಗೊರಕೆ ಅದನ್ನು ದಾಟಿ ಬರುತ್ತಿತ್ತು. ಹೊಸದರಲ್ಲಿ ನನ್ನವರು ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದರು. ಆರು ತಿಂಗಳು ಕಳೆಯುವಷ್ಟರಲ್ಲಿ, ಅದು ಕೇಳಿಸದಿದ್ದರೆ ನಮಗೇ ನಿದ್ದೆ ಹತ್ತುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಹಂದಿಮಾಂಸದ ಬಾಫತ್ತು ಸಾರಿನ ಜೊತೆ ಇಡ್ಲಿಯಂಥ ಸಾನ್ನಾ ಉಂಡು, ಅವರು ಮಧ್ಯಾಹ್ನ ಮಲಗಿದರೆ ಟೀ ಹೊತ್ತಿನವರೆಗೆ ಏಳುತ್ತಿರಲಿಲ್ಲ. ನಿಮ್ಮ ಇಂಜೆಕ್ಷನ್ ನನಗೆ ಬೇಡ ಡಾಕ್ಟ್ರೇ, ಇವಳ ಕೈಯಡುಗೆ ಸಾಕು, ಎಂದು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು.

ಜೂನ್ ಕೊನೆಯ ಒಂದು ಭಾನುವಾರ, ಸಂಜೆಯ ಟೀ ಹೊತ್ತು. ವಿನ್ನಿ ಬಂದು ನಮ್ಮ ಬಾಗಿಲು ತಟ್ಟಿದಳು. ಪೂಜೆಗೆ ಹಾಕಿಕೊಂಡಿದ್ದ ಹಳದಿ ಫ್ರಾಕು, ಒಂದು ಕಾಲಿಗೆ ಮಾತ್ರ ಸಾಕ್ಸ್. ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು. ಪಪ್ಪ ಏಳ್ತಾ ಇಲ್ಲ ಆಂಟಿ, ಕಳ್ಳನಿದ್ದೆ ಮಾಡ್ತಿದಾರೆ, ಅಂಗಾಲಿಗೆ ಕಚಗುಳಿ ಇಟ್ಟರೂ ನಗ್ತಾ ಇಲ್ಲ ಎಂದು ದೂರಿದಳು. ಅಪ್ಪ ಮಗಳ ನಡುವೆ ಅದೊಂದು ಆಟ. ಅವರು ನಿದ್ದೆ ಬಂದವರಂತೆ ಬಿದ್ದುಕೊಳ್ಳುವುದು, ಇವಳು ಹತ್ತಿರ ಬಂದ ಕೂಡಲೇ ಗಬಕ್ಕನೆ ಹಿಡಿಯುವುದು. ಆ ಕಿರುಚಾಟವೂ ಎಷ್ಟೋ ಭಾನುವಾರ ನಮಗೆ ಗೋಡೆಯಾಚೆಯಿಂದ ಕೇಳಿದ್ದಿದೆ.

ನಾನು ಅವಳ ಹಿಂದೆಯೇ ಹೋದೆ. ಲಿಗೋರಿ ನಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಂಬಳಿ ಭುಜದವರೆಗೆ ನೀಟಾಗಿ ಹೊದಿಸಿತ್ತು. ಕೆನ್ನೆಗೆ ಕೈಯಿಟ್ಟೆ. ಮುಟ್ಟಿದ ಕೂಡಲೇ ತಿಳಿಯಿತು. ಮುಂದೆ ಮಾಡುವಂಥದ್ದು ಏನೂ ಇರಲಿಲ್ಲ. ಸೆವ್ರಿನ್ ಬಾಯಿ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದವರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳ ಕಡೆ ತಿರುಗಿ ಕೊಂಕಣಿಯಲ್ಲಿ ಹೇಳಿದರು: "ಪಪ್ಪಾ ನಿದ್ಲಾ. ತಾಕಾ ಉಟಯ್ನಾಕಾ." ಪಪ್ಪ ಮಲಗಿದ್ದಾರೆ, ಅವರನ್ನು ಎಬ್ಬಿಸಬೇಡ. ಅಷ್ಟು ಕೊಂಕಣಿ ನನಗೂ ಅರ್ಥವಾಗುತ್ತಿತ್ತು. ಟೀ ತಟ್ಟೆಯನ್ನು ಅವರು ಬಹಳ ಎಚ್ಚರಿಕೆಯಿಂದ, ಸದ್ದಾಗದಂತೆ, ಮೇಜಿನ ಮೇಲೆ ಇಟ್ಟರು.

ಆ ದಿನಗಳಲ್ಲಿ ಮನೆ ತುಂಬ ಜನ. ಮಂಗಳೂರಿನವರು, ಗೋವಾದವರು, ವರ್ಕ್‌ಶಾಪಿನ ಹುಡುಗರು, ನಮ್ಮ ಕನ್ನಡದವರು. ಎಷ್ಟು ಭಾಷೆಗಳಲ್ಲಿ ಎಷ್ಟು ಮಾತು. ನಮ್ಮವರು ಹೋಗಿಬಿಟ್ಟರು ಅಂದರು, ತೀರಿಕೊಂಡರು ಅಂದರು, ದೇವರ ಪಾದ ಸೇರಿದರು ಅಂದರು. ವರ್ಕ್‌ಶಾಪಿನವರು ಅಮೆತುವಾಚಾ ಅಂದರು, ನಮ್ಮನ್ನು ಬಿಟ್ಟುಹೋದ ಎಂದು. ಪಾದ್ರಿಗಳು ಇಂಗ್ಲಿಷಿನಲ್ಲಿ, ಕರ್ತನಲ್ಲಿ ನಿದ್ರಿಸಿದ್ದಾನೆ ಅಂದರು. ಬಂದ ಕೀನ್ಯಾದವರೆಲ್ಲ ಸೆವ್ರಿನ್ ಬಾಯಿಯ ಕೈ ಹಿಡಿದು 'ಪೊಲೆ' ಅಂದರು, ಅಯ್ಯೋ ಪಾಪ ಎಂದು. ಆ ಊರಿನಲ್ಲಿ ಕಾಲು ಎಡವಿದರೂ ಪೊಲೆ, ಗಂಡ ಸತ್ತರೂ ಪೊಲೆ. ಅದರಲ್ಲೊಂದು ಕರುಣೆಯಿದೆ ಎಂದು ಈಗ ಅನ್ನಿಸುತ್ತದೆ. ಆಗ, ಒಂದು ಮೂಲೆಯಲ್ಲಿ ಕುಳಿತು ಎಲ್ಲರ ಬಾಯನ್ನೇ ನೋಡುತ್ತಿದ್ದ ಆ ಮಗು ಇಷ್ಟೆಲ್ಲ ಮಾತಿನಲ್ಲಿ ಏನನ್ನು ಆರಿಸಿಕೊಳ್ಳುತ್ತಿದೆಯೋ ಎಂದು ನನಗೆ ಯೋಚನೆಯಾಗಿತ್ತು.

ಏನನ್ನು ಆರಿಸಿಕೊಂಡಳು ಎಂಬುದು ಮಣ್ಣು ಮಾಡಿದ ದಿನ ಗೊತ್ತಾಯಿತು. ಸ್ಮಶಾನದಲ್ಲಿ ವಿನ್ನಿ ನನ್ನ ಕೈ ಹಿಡಿದು ನಿಂತಿದ್ದಳು. ಕೆಂಪು ಮಣ್ಣು ತುಂತುರಿಗೆ ಅಂಟಾಗಿ ಎಲ್ಲರ ಬೂಟಿಗೂ ಮೆತ್ತಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಒಬ್ಬೊಬ್ಬರೂ ಹಿಡಿ ಮಣ್ಣು ಹಾಕುತ್ತ ಬಂದರು. ವಾಂಜಿರು ತನ್ನ ಸರದಿಯಲ್ಲಿ ಬಗ್ಗಿ, ಅಳುತ್ತ, "ಲಾಲಾ ಸಲಾಮಾ, ಬಾಬಾ ವಿನ್ನಿ" ಅಂದಳು. ವಿನ್ನಿಯ ಅಪ್ಪನೇ, ನೆಮ್ಮದಿಯಾಗಿ ಮಲಗು. ಅಲ್ಲಿಯ ಜನ ಸತ್ತವರಿಗೆ ಹೇಳುವ ಮಾತೂ ಅದೇ ಎಂಬುದು ಆವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ನನ್ನ ಕೈಯೊಳಗಿದ್ದ ಸಣ್ಣ ಕೈ ಬಿಗಿಯಾಯಿತು. ಆ ಸಂಜೆ ವಾಂಜಿರು ಎಂದಿನಂತೆ ಕೋಣೆಗೆ ಇಣುಕಿ ಅದೇ ಎರಡು ಮಾತು ಹೇಳಿದಾಗ ವಿನ್ನಿ ಕಿರುಚಿಕೊಂಡಳಂತೆ. ಪಾಪ, ವಾಂಜಿರುಗೆ ತಾನು ಮಾಡಿದ್ದೇನು ಎಂಬುದೇ ತಿಳಿಯಲಿಲ್ಲ.

ಅಲ್ಲಿಂದ ವಿನ್ನಿ ಮಲಗುವುದನ್ನು ಬಿಟ್ಟಳು.

ಗೊರಕೆ ನಿಂತ ಗೋಡೆಯಾಚೆಯಿಂದ ಈಗ ನಮಗೆ ಬೇರೆ ಸದ್ದು ಕೇಳುತ್ತಿತ್ತು. 'ಮಮ್ಮಿ' ಎಂಬ ಸಣ್ಣ ದನಿ, ಆಮೇಲೆ 'ಹಾಂ' ಎಂಬ ದಣಿದ ದನಿ. ಸ್ವಲ್ಪ ಹೊತ್ತು ಮೌನ. ಮತ್ತೆ ಮಮ್ಮಿ, ಮತ್ತೆ ಹಾಂ. ಈಗ ತಾಯಿಯ ಹಾಸಿಗೆಗೇ ಬಂದಿದ್ದ ಆ ಹುಡುಗಿ ಪಕ್ಕದಲ್ಲಿ ಎದ್ದು ಕುಳಿತು ಅವರು ಬದುಕಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದಳು. ಒಮ್ಮೆ ಉತ್ತರ ಬರುವುದು ತಡವಾದರೆ ದನಿ ಏರುತ್ತಿತ್ತು. ನಾನೂ ಕತ್ತಲಲ್ಲಿ ಕಣ್ಣು ಬಿಟ್ಟು ಆ ಉತ್ತರಕ್ಕಾಗಿ ಕಾಯುತ್ತಿದ್ದೆ. 'ಹಾಂ' ಕೇಳಿದ ಮೇಲೆಯೇ ಮಗ್ಗುಲು ಬದಲಿಸುತ್ತಿದ್ದೆ.

ತಾಯಿಯದು ಇದಕ್ಕೆ ಪೂರಾ ವಿರುದ್ಧ. ಸೆವ್ರಿನ್ ಬಾಯಿ ಕಂಡಕಂಡಲ್ಲಿ ನಿದ್ದೆ ಹೋಗುತ್ತಿದ್ದರು. ಕುರ್ಚಿಯಲ್ಲಿ, ಜಪಮಾಲೆ ಹಿಡಿದು ಪ್ರಾರ್ಥನೆಗೆ ಕುಳಿತಲ್ಲಿ, ಒಮ್ಮೆ ನನ್ನ ಜೊತೆ ಮಾತಾಡುತ್ತಿರುವಾಗಲೇ. ರಜೆ ಮುಗಿದು ಕೆಲಸಕ್ಕೆ ಹೋಗತೊಡಗಿದ ಮೇಲೂ ಮನೆಗೆ ಬಂದವರೇ ಸೋಫಾದ ಮೇಲೆ ಬಿದ್ದುಕೊಳ್ಳುವರು. ದುಃಖ ಕೆಲವರಿಗೆ ಹೀಗೆ ಬರುತ್ತದೆ ಎಂದು ನಾನು ಓದಿ ಬಲ್ಲೆ. ನೋಡಿದ್ದು ಅದೇ ಮೊದಲು. ಒಬ್ಬರು ನಿದ್ದೆಯೊಳಗೆ ಇಳಿದುಹೋಗುತ್ತಿದ್ದರು, ಇನ್ನೊಬ್ಬಳು ಅವರ ತೋಳು ಹಿಡಿದು ಎಳೆಯುತ್ತಿದ್ದಳು. ಆ ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಬರಲಿಲ್ಲ. ಹಗಲೂ ದೀಪ ಹಾಕಿಕೊಂಡ ಆ ಮನೆಯಲ್ಲಿ ಬೆಳಿಗ್ಗೆ ಯಾವುದು ಸಂಜೆ ಯಾವುದು ಎಂದು ತಿಳಿಯುತ್ತಿರಲಿಲ್ಲ.

ವಿನ್ನಿ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಎಂದು ಶಾಲೆಯಿಂದ ಹೇಳಿ ಕಳಿಸಿದರು. ಸೆವ್ರಿನ್ ಬಾಯಿ ನನ್ನ ಬಳಿ ಬಂದರು. ನಿಮ್ಮ ಹತ್ರ ನಿದ್ರೆಯ ಮದ್ದು ಉಂಟಲ್ಲಾ ಡಾಕ್ಟ್ರೇ, ಇವಳಿಗೆ ಸ್ವಲ್ಪ ಕೊಡಿ, ನನ್ನನ್ನು ಮಲಗ್ಲಿಕ್ಕೆ ಬಿಡುದಿಲ್ಲ ಎಂದು ಬೇಡಿಕೊಂಡರು. ನಾನು ಕೊಡಲಿಲ್ಲ. ಬಲವಂತದ ನಿದ್ದೆಯಿಂದ ಅವಳ ಹೆದರಿಕೆ ಹೆಚ್ಚಾಗುತ್ತೆ, ಮೊದಲು ಅವಳಿಗೆ ಏನಾಯಿತು ಅಂತ ಬಿಡಿಸಿ ಹೇಳಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಸಣ್ಣ ಮಗುವಿಗೆ ಎಂತ ಹೇಳುದು, ದೊಡ್ಡವಳಾದಾಗ ತನ್ನಿಂದ ತಾನೇ ಗೊತ್ತಾಗ್ತದೆ ಎಂದು ಹೊರಟುಹೋದರು.

ಶಾಲೆಯಿಂದ ಬಂದ ಮೇಲೆ ತಾಯಿ ಬರುವವರೆಗೆ ವಿನ್ನಿ ಎಷ್ಟೋ ದಿನ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಾನು ಮನೆಯಲ್ಲಿದ್ದ ಒಂದು ಮಧ್ಯಾಹ್ನ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ನಾನು ಹುರಿಯುತ್ತಿದ್ದ ಕಡಲೆಕಾಯಿ ತಿನ್ನುತ್ತ, ನಾವು ಯಾಕೆ ಮಲಗಬೇಕು ಎಂದು ಕೇಳಿದಳು. ಮೈಗೆ ವಿಶ್ರಾಂತಿ ಬೇಕಲ್ಲ ಎಂದೆ. ಸುಮ್ಮನೆ ಕುಳಿತರೂ ವಿಶ್ರಾಂತಿಯೇ, ಅದಕ್ಕೆ ಕಣ್ಣು ಯಾಕೆ ಮುಚ್ಚಬೇಕು ಎಂದಳು. ಮಿದುಳಿಗೂ ವಿಶ್ರಾಂತಿ ಬೇಕು ಎಂದೆ. ಕನಸು ಬೀಳುವಾಗ ಮಿದುಳು ಓಡುತ್ತಾ ಇರುತ್ತಲ್ಲ ಎಂದಳು. ಆಮೇಲೆ ಅವಳ ನಿಜವಾದ ಪ್ರಶ್ನೆ ಬಂತು. ನೀವು ನಿದ್ದೆ ಬರಿಸಿದವರು ಎಲ್ಲರೂ ಏಳುತ್ತಾರಾ?

ಒಲೆ ಸಣ್ಣದು ಮಾಡಿದೆ. ಏಳದವರೂ ಇದ್ದರು. ಅಪರೂಪ, ಆದರೂ ಇದ್ದರು. ತುಂಬ ಕಾಯಿಲೆಯವರು ಒಬ್ಬಿಬ್ಬರು ಏಳಲಿಲ್ಲ, ಉಳಿದವರೆಲ್ಲ ಎದ್ದರು ಎಂದೆ. ವಿನ್ನಿ ನನ್ನನ್ನೇ ನೋಡಿ, ಇನ್ನೊಂದು ಹಿಡಿ ಕಡಲೆಕಾಯಿ ತೆಗೆದುಕೊಂಡಳು.

ಮಾರನೆಯ ದಿನ ಆಸ್ಪತ್ರೆಯ ಲೈಬ್ರರಿಯಲ್ಲಿ ದಪ್ಪ ದಪ್ಪ ಪುಸ್ತಕ ತೆಗೆದು ಕುಳಿತೆ. ನಿದ್ದೆಯಲ್ಲಿ ಹೃದಯದ ಬಡಿತ ಹೇಗಿರುತ್ತದೆ, ಉಸಿರು ಹೇಗಿರುತ್ತದೆ, ಕಣ್ಣುಗುಡ್ಡೆ ಹೇಗೆ ಆಡುತ್ತದೆ, ಎಲ್ಲ ಇತ್ತು. ಯಾಕೆ ಮಲಗುತ್ತೇವೆ ಎಂಬಲ್ಲಿಗೆ ಬರುವಾಗ ಎಲ್ಲ ಪುಸ್ತಕಗಳೂ ತಡವರಿಸುತ್ತಿದ್ದವು. ದಿನವೂ ಜನರ ಎಚ್ಚರವನ್ನು ತೆಗೆದು ತಿರುಗಿ ಕೊಡುವವಳು ನಾನು. ಬೇಟೆಯ ಮೃಗಗಳಿರುವ ಕಾಡಿನಲ್ಲಿ ಜಿಂಕೆಯೂ ಕೂಡ ಕಣ್ಣು ಮುಚ್ಚಿ ತನ್ನನ್ನು ಬಿಟ್ಟುಕೊಡುತ್ತದಲ್ಲ, ಅಂಥ ಅಗತ್ಯ ಏನು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ಗೊತ್ತಿಲ್ಲ, ಪುಸ್ತಕ ಬರೆದವರಿಗೂ ಸರಿಯಾಗಿ ಗೊತ್ತಿಲ್ಲ ಎಂದು ವಿನ್ನಿಗೆ ಹೇಳಿದೆ. ಅವಳಿಗೆ ನಿರಾಸೆಯಾಗಲಿಲ್ಲ. ದೊಡ್ಡವರೊಬ್ಬರು ಗೊತ್ತಿಲ್ಲ ಎಂದದ್ದು ಅವಳಿಗೆ ಸಮಾಧಾನ ತಂದಂತೆ ಕಂಡಿತು. ಆವತ್ತಿನಿಂದ ನನ್ನ ಪಕ್ಕಕ್ಕೆ ಸರಿದು ಕುಳಿತುಕೊಳ್ಳತೊಡಗಿದಳು.

ಅದೇ ವಾರ ಇನ್ನೊಂದು ಸಂಗತಿ ನಡೆಯಿತು. ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಹಗಲಲ್ಲಿ ಮಲಗಿದ್ದೆ. ಅರೆನಿದ್ದೆಯಲ್ಲಿ ಗೋಡೆಯಾಚೆಯಿಂದ ಗೊರಕೆ ಕೇಳಿತು. ಅದೇ ಗೊರಕೆ, ಏರಿ, ಒಂದು ಸಣ್ಣ ಸೀಟಿಯಲ್ಲಿ ಮುಗಿಯುವ ಅದೇ ರೀತಿ. ಹಿತವಾಗಿ ಮಗ್ಗುಲು ಬದಲಿಸಿ ಇನ್ನೂ ಸ್ವಲ್ಪ ಮಲಗಿದೆ. ಆಮೇಲೆ ನೆನಪಾಗಿ ಎದ್ದು ಕುಳಿತೆ. ಸದ್ದು ಇರಲಿಲ್ಲ. ಪಕ್ಕದ ಮನೆಗೆ ಹೋಗಿ ನೋಡಿದೆ. ವಾಂಜಿರು ಒಬ್ಬಳೇ ನಡುಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಏನು ಬೇಕಿತ್ತು ಎಂದು ಕೇಳಿದಳು. ಏನಿಲ್ಲ ಎಂದು ಹೇಳಿ ಬಂದೆ. ನನ್ನವರಿಗೂ ಇದನ್ನು ಹೇಳಲಿಲ್ಲ. ಇಷ್ಟು ಓದಿದವಳು ಹೇಗೆ ಹೇಳಲಿ?

ಜುಲೈ ಮುಗಿಯುವ ಹೊತ್ತಿಗೆ ವಿನ್ನಿಯ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ನಿಂತಲ್ಲೇ ತೂಗುತ್ತಿದ್ದಳು. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಜೋಲಿ ತಪ್ಪಿ ಉರುಳಿದಳು. ಬಲ ಮೊಣಕೈಯ ಮೇಲಿನ ಮೂಳೆ ಮುರಿದು ಜಾರಿತ್ತು, ಬೆರಳು ತಣ್ಣಗಾಗತೊಡಗಿದ್ದವು. ಹಾಗೆಯೇ ಬಿಟ್ಟರೆ ಕೈಗೆ ರಕ್ತ ಹೋಗುವುದಿಲ್ಲ, ಆವತ್ತೇ ಆಪರೇಷನ್ ಆಗಬೇಕು. ನನ್ನವರ ಕಾರಿನಲ್ಲಿ ನಮ್ಮ ಆಸ್ಪತ್ರೆಗೇ ಕರೆದೊಯ್ದೆವು. ನೋವಿಗೆ ಅವಳು ಅಷ್ಟಾಗಿ ಅಳಲಿಲ್ಲ. ಆಪರೇಷನ್ ಕೋಣೆಯ ಹೊರಗೆ, ಹಸಿರು ಬಟ್ಟೆ ತೊಡಿಸಿ ಮಂಚದ ಮೇಲೆ ಮಲಗಿಸಿದಾಗ, ಒಬ್ಬ ನರ್ಸ್ ಅವಳ ತಲೆ ಸವರಿ ಸ್ವಾಹಿಲಿಯಲ್ಲಿ, ಸ್ವಲ್ಪ ಹೊತ್ತು ಮಲಗ್ತೀಯ ಅಷ್ಟೇ, ಎಂದಳು. ದಿನವೂ ಎಲ್ಲ ಮಕ್ಕಳಿಗೆ ಹೇಳುವ ಮಾತು.

ವಿನ್ನಿ ಮುರಿದ ಕೈಯಲ್ಲೇ ಮಂಚದಿಂದ ಇಳಿಯಲು ನೋಡಿದಳು. ಇಬ್ಬರು ಹಿಡಿದರೂ ನಿಲ್ಲಲಿಲ್ಲ. ಪಪ್ಪನ ಹಾಗೆ ಮಾಡಬೇಡಿ, ನಾನು ಮಲಗಿದರೆ ಮಮ್ಮಿಯನ್ನು ಯಾರು ನೋಡ್ತಾರೆ ಎಂದು ಒಂದೇ ಸಮನೆ ಕೂಗುತ್ತಿದ್ದಳು. ಸರ್ಜನ್ ಗಡಿಯಾರ ನೋಡಿದರು. ಅವರ ಆತುರಕ್ಕೆ ಕಾರಣವಿತ್ತು, ಬೆರಳುಗಳು ಬಿಳಿಚುತ್ತಿದ್ದವು. ಹಿಡಿದು ಮುಖಕ್ಕೆ ಮಾಸ್ಕ್ ಇಟ್ಟರೆ ಅರೆ ನಿಮಿಷದ ಕೆಲಸ. ನನ್ನ ವೃತ್ತಿಯಲ್ಲಿ ಹಾಗೆ ಮಾಡಬೇಕಾಗಿ ಬಂದದ್ದೂ ಉಂಟು. ಆದರೆ ಹಾಗೆ ಕಣ್ಣು ಮುಚ್ಚಿದವಳು ಎಚ್ಚರವಾದ ಮೇಲೆ ಮತ್ತೆಂದೂ ಮಲಗಲಾರಳು ಅನ್ನಿಸಿತು. ಸ್ವಲ್ಪ ಸಮಯ ಕೊಡಿ ಎಂದು ಅವರನ್ನು ಕೇಳಿ ಹೊರಗೆ ಬಂದೆ.

ಸೆವ್ರಿನ್ ಬಾಯಿ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಅಲ್ಲೂ ತೂಕಡಿಸುತ್ತಿದ್ದರು. ಎಬ್ಬಿಸಿದೆ.

"ನೀವು ಒಳಗೆ ಬಂದು ಅವಳಿಗೆ ಹೇಳ್ಬೇಕು. ಅವರು ಮಲಗಿಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ."

"ನನ್ನಿಂದ ಆಗುದಿಲ್ಲ ಡಾಕ್ಟ್ರೇ."

"ಮಲಗು ಅಂದ್ರೆ ಸಾಯಿ ಅಂತ ಅವಳಿಗೆ ಕೇಳಿಸ್ತಿದೆ ಸೆವ್ರಿನ್ ಬಾಯಿ. ಅದಕ್ಕೇ ಅವಳು ಮಲಗ್ತಿಲ್ಲ, ನಿಮ್ಮನ್ನೂ ಮಲಗೋಕೆ ಬಿಡ್ತಿಲ್ಲ."

ಅವರು ನನ್ನನ್ನು ದೃಷ್ಟಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಎದ್ದು, ಸೀರೆಯ ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು, ನನ್ನ ಹಿಂದೆ ಬಂದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಸಾವಿಗೆ ಕೊಂಕಣಿಯಲ್ಲಿ ಎಷ್ಟೋ ಮೆತ್ತನೆಯ ಪದಗಳಿವೆ, ಮರಣದ ಮನೆಯಲ್ಲಿ ನಾನೇ ಕೇಳಿದ್ದೆ. ಅವರು ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ.

"ಪಪ್ಪಾ ಮೆಲೊ, ವಿನ್ನಿ," ಎಂದರು. "ನಿದೊಂಕ್ ನಾ. ಮೆಲೊ." ಮಲಗಿಲ್ಲ, ಸತ್ತರು.

ಹಿಡಿದುಕೊಂಡಿದ್ದ ನರ್ಸ್ ಕೈ ಸಡಿಲಿಸಿದಳು. ಭಾಷೆ ತಿಳಿಯದಿದ್ದರೂ ಅವಳಿಗೆ ಏನೋ ಅರ್ಥವಾಗಿತ್ತು. ವಿನ್ನಿ ಅಳು ನಿಲ್ಲಿಸಿ ಅಮ್ಮನನ್ನು ನೋಡಿದಳು. ಎಷ್ಟೋ ದಿನದಿಂದ ತನಗೊಬ್ಬಳಿಗೇ ಕಾಣುತ್ತಿದ್ದ ಒಂದು ವಸ್ತುವನ್ನು ಇನ್ನೊಬ್ಬರೂ ನೋಡಿದರು ಎಂಬಂತಿತ್ತು ಅವಳ ಮುಖ. ಎದ್ದೇಳೋದೇ ಇಲ್ವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದರು ತಾಯಿ. ಹೃದಯ ನಿಂತುಹೋಯಿತು, ಅದಕ್ಕೆ ಸತ್ತರು. ನೀನು ಎಷ್ಟು ಎಬ್ಬಿಸಿದ್ದರೂ ಏಳುತ್ತಿರಲಿಲ್ಲ. ಆಮೇಲೆ ಇಬ್ಬರೂ ಅತ್ತರು. ಲಿಗೋರಿ ಸತ್ತ ಮೇಲೆ ಸೆವ್ರಿನ್ ಬಾಯಿ ದನಿಯೆತ್ತಿ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಮಂಚದ ತಲೆಭಾಗಕ್ಕೆ ಹೋಗಿ, ಇದು ನಿದ್ದೆಯಲ್ಲ, ಔಷಧಿ, ನಾನು ಕೊಡ್ತೀನಿ, ನಾನೇ ನಿಲ್ಲಿಸ್ತೀನಿ ಎಂದೆ. ಆಗ ಅವಳು ನನ್ನನ್ನು ಕೇಳಿದ್ದು ಒಂದೇ.

"ನೀವು ಎಚ್ಚರವಾಗಿರ್ತೀರಾ ಆಂಟಿ?"

"ಅದೇ ನನ್ನ ಕೆಲಸ. ನಿನ್ನ ಒಂದೊಂದು ಉಸಿರನ್ನೂ ನೋಡ್ತಾ ಇರ್ತೀನಿ. ಅಮ್ಮ ಈ ಬಾಗಿಲ ಹೊರಗೇ ಇರ್ತಾರೆ."

ಮಾಸ್ಕನ್ನು ಅವಳ ಎಡಗೈಗೇ ಕೊಟ್ಟೆ. ತಾನೇ ಮೂಗಿಗೆ ಹಿಡಿದುಕೊಂಡಳು. ಸಿಹಿ ವಾಸನೆ ಎಂದು ಮುಖ ಕಿವಿಚಿದಳು. ರೆಪ್ಪೆಗಳು ಮುಚ್ಚುವವರೆಗೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ಒಂದು ಗಂಟೆ ನಾನು ಅವಳ ಎದೆಯ ಏರಿಳಿತ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸಾವಿರಾರು ಜನರಿಗೆ ಮಾಡಿದ ಕೆಲಸ. ಆವತ್ತು ಒಂದೊಂದು ಉಸಿರನ್ನೂ ಮನಸ್ಸಿನಲ್ಲೇ ಎಣಿಸಿದೆ.

ಎದ್ದಳು. ವಾಂತಿ ಮಾಡಿಕೊಂಡಳು, ಅತ್ತಳು, ಅಮ್ಮ ಎಲ್ಲಿ ಎಂದು ಕೇಳಿದಳು. ಕೈ ಬೆಚ್ಚಗಾಗಿತ್ತು.

ನಿದ್ದೆ ಆವತ್ತೇ ಮರಳಿ ಬರಲಿಲ್ಲ. ವಾರ್ಡಿನಲ್ಲೂ, ಮನೆಗೆ ಬಂದ ಮೇಲೂ, ಮಮ್ಮಿ ಎಂದು ಕರೆಯುವುದು ನಡೆದೇ ಇತ್ತು. ಕರೆಗಳ ನಡುವಿನ ಮೌನ ಮಾತ್ರ ದಿನದಿನಕ್ಕೆ ಉದ್ದವಾಗುತ್ತ ಬಂತು. ಮಲಗಿಸುವಾಗ ವಾಂಜಿರು ಬೇರೆ ಮಾತು ಕಂಡುಕೊಂಡಳು. ತುತಾವೊನಾನಾ ಕೆಶೊ ಎನ್ನುವಳು, ನಾಳೆ ಸಿಗೋಣ ಎಂದು. ನಾನೂ ಆಸ್ಪತ್ರೆಯಲ್ಲಿ ಮಕ್ಕಳಿಗೆ ನಿದ್ದೆ ಎನ್ನುವುದನ್ನು ಬಿಟ್ಟೆ. ಸಹೋದ್ಯೋಗಿಗಳಿಗೆ ಅದು ವಿಚಿತ್ರವಾಗಿ ಕಂಡಿತು. ಕೆಲಸದಿಂದ ನಿವೃತ್ತಳಾಗುವವರೆಗೂ ಹಾಗೆಯೇ ನಡೆಸಿದೆ. ಆ ವರ್ಷದ ಕೊನೆಗೆ ತಾಯಿ ಮಗಳು ಮಂಗಳೂರಿಗೆ ಹೊರಟುಹೋದರು. ಕೆಲವು ಕ್ರಿಸ್ಮಸ್‌ಗಳಿಗೆ ಕಾರ್ಡು ಬಂತು, ಆಮೇಲೆ ನಿಂತಿತು. ವಿನ್ನಿಗೆ ಈಗ ನಲವತ್ತು ದಾಟಿರಬೇಕು.

ನ್ಗಾರಾದ ಆ ಕಿಟಕಿಗಳ ಕೆಳಗೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ವರ್ಷದ ಆಗಸ್ಟಿನ ಒಂದು ಮಧ್ಯಾಹ್ನದ ನೆನಪು. ವಾರಗಳ ನಂತರ ಬಿಸಿಲು ಬಂದಿತ್ತು. ಎರಡೂ ಮನೆಯವರು ಬಟ್ಟೆ ಒಣಗಿಸುವುದು ಒಂದೇ ತಾರಸಿಯ ಮೇಲೆ. ನಾನು ಬಟ್ಟೆ ಹರವುತ್ತಿದ್ದೆ. ಸೆವ್ರಿನ್ ಬಾಯಿ ತಮ್ಮ ಬಕೆಟ್ಟು ತಂದು ಪಕ್ಕದ ತಂತಿಗೆ ಹಾಕತೊಡಗಿದರು. ಗೋಡೆಯ ಆಚೆಯಿಂದ ನಿಮಗೆ ಎಂತಾದ್ರೂ ಕೇಳ್ತದಾ ಎಂದರು. ಒಂದು ಸಲ ಅವರ ಗೊರಕೆ ಕೇಳಿಸಿತ್ತು ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ನನಗೆ ದಿನಾ ಕೇಳ್ತದೆ, ನಿದ್ರೆ ಬಂದ್ರೆ ಮಾತ್ರ ಕೇಳುದು, ಅದಕ್ಕೆ ಹಗಲಿಗೂ ಮಲಗ್ತೇನೆ ಎಂದರು.

ಆಮೇಲೆ ಆ ಭಾನುವಾರದ ಕಥೆ ಹೇಳಿದರು. ಊಟ ಮುಗಿಸಿ ಇಬ್ಬರೂ ಮಲಗಿದ್ದು. ಲಿಗೋರಿ ಗೋಡೆಯ ಕಡೆ, ಇವರು ಅವರಿಗೆ ಬೆನ್ನು ಹಾಕಿ. ಒಳ್ಳೆಯ ನಿದ್ದೆ, ಎಷ್ಟೋ ದಿನಗಳಿಂದ ಅಂಥ ನಿದ್ದೆ ಬಂದಿರಲಿಲ್ಲವಂತೆ. ಎದ್ದಾಗ ಮನೆ ಬಹಳ ಶಾಂತವಾಗಿತ್ತು. ಚಳಿಯಿತ್ತು. ಗಂಡನ ಮೇಲಿನ ಕಂಬಳಿ ಜಾರಿದ್ದನ್ನು ನೋಡಿ ಭುಜದವರೆಗೆ ಎಳೆದು ಹೊದಿಸಿ, ಟೀ ಮಾಡಲು ಹೋದರು. ನೀರು ಕುದಿಯುವಾಗ, ಪಪ್ಪನನ್ನು ಎಬ್ಬಿಸು ಎಂದು ಮಗಳನ್ನು ಕಳಿಸಿದರು.

ಅವರ ಕೈಯಲ್ಲಿ ವಿನ್ನಿಯ ಶಾಲೆಯ ಅಂಗಿ ಇತ್ತು. ಅದನ್ನು ಹಿಂಡುತ್ತಲೇ ಇದ್ದರು, ನೀರೆಲ್ಲ ಹೋದ ಮೇಲೂ.

"ನೀವು ಮುಟ್ಟಿ ನೋಡಿದ್ದೀರಿ. ನಾನು ಹೊದಿಸುವಾಗ ಅವರು ಇದ್ರಾ?"

ಲಿಗೋರಿಯವರ ಕೆನ್ನೆಯ ತಣುಪು, ಆಗಲೇ ಬಿಗಿಯತೊಡಗಿದ್ದ ದವಡೆ ನನ್ನ ಕೈಗೆ ನೆನಪಿತ್ತು. ಅದು ಅರ್ಧ ಗಂಟೆಯ ಹಿಂದಿನ ಸಾವಲ್ಲ. ಇವರು ಪಕ್ಕದಲ್ಲಿ ಆ ಒಳ್ಳೆಯ ನಿದ್ದೆಯಲ್ಲಿದ್ದ ಹೊತ್ತಿನದು. ಸುಳ್ಳು ಹೇಳಬಹುದಿತ್ತು. ಬಿಸಿಲಿನಲ್ಲಿ ನಿಂತು, ಒಂದು ಸಣ್ಣ ಸುಳ್ಳು.

"ಮಗುವಿಗೆ ಹೇಳಿ ಅಂತ ನೀವು ಹೇಳಿದ್ರಿ," ಎಂದರು, "ನಾನು ಹೇಳಿದೆ. ಈಗ ನಾನು ಕೇಳುದು."

"ಇಲ್ಲ ಸೆವ್ರಿನ್ ಬಾಯಿ. ಅಷ್ಟು ಹೊತ್ತಿಗೆ ಹೋಗಿಬಿಟ್ಟಿದ್ರು."

"ಹೋದದ್ದಲ್ಲ. ಸರಿಯಾಗಿ ಹೇಳಿ."

ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನುಗಳ ಹುಡುಗರು ಪ್ರಯಾಣಿಕರಿಗಾಗಿ ಊರುಗಳ ಹೆಸರು ಕೂಗುತ್ತಿದ್ದರು.

"ಸತ್ತಿದ್ರು," ಎಂದೆ. "ನೀವು ಹೊದಿಸೋಕೆ ಮುಂಚೆಯೇ ಸತ್ತಿದ್ರು."

ಸೆವ್ರಿನ್ ಬಾಯಿ ತಲೆಯಾಡಿಸಿದರು. ಅಂಗಿಯನ್ನು ಕೊಡವಿ ತಂತಿಗೆ ಹಾಕಿ, ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸಿದರು. ಬಗ್ಗಿ ಇನ್ನೊಂದು ಬಟ್ಟೆ ತೆಗೆದುಕೊಂಡರು. ನನ್ನ ಕಡೆ ನೋಡದೆ, ಬಹಳ ಸಾವಕಾಶವಾಗಿ ಹೇಳಿದರು:

"ಪಾದಕ್ಕೂ ಮುಚ್ಚಿ ಬಂದಿದ್ದೆ ನಾನು. ಅವರಿಗೆ ಪಾದಕ್ಕೆ ಬೇಗ ಚಳಿ ಆಗ್ತಿತ್ತು."